ಐಫೆಲ್ ಅನ್ನೋ ಸರ್‌ನೇಮ್ ಇರುವವರು ಫ್ರಾನ್ಸಿನಲ್ಲಿ ಎಷ್ಟು ಜನ? ಹೆಸರು ಬಂದದ್ದೆಲ್ಲಿಂದ?

ಹೊಸದುರ್ಗದವಳು
ಮಗಳಿಗೆ ಶಾಲೆಯಲ್ಲಿ ಐಫೆಲ್ ಟವರ್ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎತ್ತರ, ತೂಕ, ಕಟ್ಟಿದ ವರ್ಷ ಎಲ್ಲ ಸಿಕ್ಕಿತು. ಅವಳು ಕೇಳುತ್ತಿರುವುದು ಬೇರೆ. "ಐಫೆಲ್ ಅಂತ ಹೆಸರಿರೋರು ಈಗಲೂ ಇದ್ದಾರಾ? ಎಷ್ಟು ಜನ?" ಹುಡುಕಿದರೆ ಒಂದೊಂದು ಸೈಟಿನಲ್ಲಿ ಒಂದೊಂದು ಸಂಖ್ಯೆ. ಹೆಸರಿನ ಮೂಲದ ಬಗ್ಗೆಯೂ ಅಷ್ಟೇ. ಒಬ್ಬರು ಜರ್ಮನ್ ಅಂತಾರೆ, ಇನ್ನೊಬ್ಬರು ಹಳೇ ಫ್ರೆಂಚ್ ಮನೆತನ ಅಂತಾರೆ. ಫ್ರಾನ್ಸಿನಲ್ಲಿ ಇರುವವರು, ವಂಶಾವಳಿ ಹುಡುಕಿ ಅಭ್ಯಾಸ ಇರುವವರು ಯಾರಾದರೂ ತಿಳಿಸ್ತೀರಾ?

ಬಯಲುಸೀಮೆ77
ಇಷ್ಟು ಅಪರೂಪದ ಹೆಸರು ಅಂದರೆ ರಾಜಮನೆತನದ ಕಡೆಯವರೇ ಇರಬೇಕು. ಫ್ರಾನ್ಸಿನಲ್ಲಿ ದೊಡ್ಡ ಮನೆತನಗಳೆಲ್ಲ ಕ್ರಾಂತಿಯಲ್ಲಿ ಹೋದವು, ಹೆಸರೂ ಹೋಯಿತು.

ತುಲೂಸ್_ಕನ್ನಡತಿ
ಇಲ್ಲ ಸಾರ್. ಐಫೆಲ್ ಮನೆಯವರು ಪ್ಯಾರಿಸ್‌ನಲ್ಲಿ ಕುಸುರಿ ಬಟ್ಟೆ, ಮನೆಯ ಪರದೆ, ಕುರ್ಚಿ ಗಾದಿ ಮಾಡುವ ಕಸುಬಿನವರು. ಟವರ್ ಕಟ್ಟಿಸಿದ ಗುಸ್ತಾವ್ ಐಫೆಲ್ ಅವರ ಅಪ್ಪ ಸೈನ್ಯದಲ್ಲಿದ್ದರು. ಅಮ್ಮ ದಿಜೋಂ ಊರಿನಲ್ಲಿ ಕಲ್ಲಿದ್ದಲು ವ್ಯಾಪಾರ ಮಾಡಿ ಮನೆಗೆ ದುಡ್ಡು ತಂದವರು. ರಾಜಮನೆತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹೆಸರಿನ ಮೂಲ ಸ್ಪಷ್ಟವಾಗಿದೆ. ಜರ್ಮನಿಯ ಪಶ್ಚಿಮ ಭಾಗದಲ್ಲಿ, ಬೆಲ್ಜಿಯಂ ಗಡಿ ಹತ್ತಿರ, ಐಫೆಲ್ ಅಂತ ಒಂದು ಗುಡ್ಡಗಾಡು ಸೀಮೆ ಇದೆ. ಅಲ್ಲಿನ ಮಾರ್ಮಾಗನ್ ಎಂಬ ಊರಿನಿಂದ 18ನೇ ಶತಮಾನದ ಆರಂಭದಲ್ಲಿ ಒಬ್ಬರು ಪ್ಯಾರಿಸ್‌ಗೆ ಬಂದರು. ಅವರ ಮನೆ ಹೆಸರು ಬೋನಿಕ್‌ಹೌಸನ್. ಪ್ಯಾರಿಸ್ ಜನರ ಬಾಯಲ್ಲಿ ಅದು ಹೊರಳಲಿಲ್ಲ. ಹಾಗಾಗಿ ಬಂದ ಸೀಮೆಯ ಹೆಸರನ್ನೇ ಪಕ್ಕದಲ್ಲಿ ಇಟ್ಟುಕೊಂಡರು: "ಬೋನಿಕ್‌ಹೌಸನ್ ದಿ ಐಫೆಲ್". ದಿ ಅಂದರೆ "ಎಂದು ಕರೆಸಿಕೊಳ್ಳುವ". ಗುಸ್ತಾವ್ 1832ರ ಡಿಸೆಂಬರ್ 15ರಂದು ಹುಟ್ಟಿದಾಗ ದಾಖಲೆಯಲ್ಲಿ ಇದ್ದದ್ದೂ ಈ ಉದ್ದದ ಹೆಸರೇ.

ಮಲೆನಾಡ_ಮಳೆ
ಅಂದರೆ ಲೋಕಕ್ಕೆಲ್ಲ ಗೊತ್ತಿರೋ ಟವರಿನ ಹೆಸರು ಜರ್ಮನಿಯ ಬೆಟ್ಟದ್ದು! ಇದು ಗೊತ್ತೇ ಇರಲಿಲ್ಲ.

ದಾಖಲೆಪೆಟ್ಟಿಗೆ
ಈ "ದಿ" ಹೆಸರುಗಳು ಹಳೇ ಫ್ರಾನ್ಸಿನಲ್ಲಿ ತುಂಬಾ ಇದ್ದವು. ಅದರಲ್ಲೂ ಸಿಪಾಯಿಗಳಿಗೆ ಪಲ್ಟಣಿನಲ್ಲಿ ಒಂದೊಂದು ಅಡ್ಡಹೆಸರು ಇರುತ್ತಿತ್ತು. ಕೆನಡಾದ ಕೆಬೆಕ್‌ಗೆ ಹೋದವರಲ್ಲಂತೂ ಅರ್ಧ ಮಕ್ಕಳು ಮೂಲ ಹೆಸರು, ಅರ್ಧ ಮಕ್ಕಳು ಅಡ್ಡಹೆಸರು ಹಿಡಿದು ಒಂದೇ ಮನೆ ಎರಡು ಸರ್‌ನೇಮ್ ಆದ ಉದಾಹರಣೆಗಳು ಬೇಕಾದಷ್ಟಿವೆ.

ಫ್ರಾನ್ಸಿನಲ್ಲಿ ಇದಕ್ಕೆ ಬೀಗ ಬಿದ್ದದ್ದು ಕ್ರಾಂತಿಯ ಕಾಲದಲ್ಲಿ. 1539ರಲ್ಲಿ ಮೊದಲನೇ ಫ್ರಾನ್ಸ್ವಾ ದೊರೆ ವಿಲೇರ್-ಕೊತ್ರೆಯಲ್ಲಿ ಹೊರಡಿಸಿದ ಆಜ್ಞೆಯಿಂದ ಚರ್ಚುಗಳು ದೀಕ್ಷಾಸ್ನಾನದ ಪುಸ್ತಕ ಇಡಬೇಕಾಯಿತು. 1792ರಲ್ಲಿ ಆ ಕೆಲಸ ಪಾದ್ರಿಗಳ ಕೈಯಿಂದ ಪುರಸಭೆಗೆ ಬಂತು. 1794ರ ಆಗಸ್ಟ್ ಕಾನೂನು ಇನ್ನೂ ಬಿಗಿ: ಹುಟ್ಟಿನ ದಾಖಲೆಯಲ್ಲಿ ಏನಿದೆಯೋ ಅದೇ ಹೆಸರು, ಬೇರೆ ಇಟ್ಟುಕೊಳ್ಳುವಂತಿಲ್ಲ. ಅಲ್ಲಿಯವರೆಗೆ ಬಾಯಿಮಾತಿನಲ್ಲಿ ಹೇಗೆ ಬೇಕಾದರೂ ಓಡಾಡುತ್ತಿದ್ದ ಹೆಸರು ಕಾಗದದಲ್ಲಿ ಕೂತುಬಿಟ್ಟಿತು. ಗುಮಾಸ್ತ ಒಂದಕ್ಷರ ಹೆಚ್ಚು ಬರೆದಿದ್ದರೂ ಅದೇ ಖಾಯಂ. ಅಪರೂಪದ ಫ್ರೆಂಚ್ ಹೆಸರುಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆ, ಬರವಣಿಗೆಯ ವ್ಯತ್ಯಾಸದಿಂದ.

ಬಯಲುಸೀಮೆ77
ಆದರೆ "ದ" ಅಂತ ಮುಂದೆ ಇರುವ ಹೆಸರೆಲ್ಲ ಸಾಮಂತರದ್ದೇ ಅಲ್ವಾ? ಅವು ಅಪರೂಪವೇ.

ದಾಖಲೆಪೆಟ್ಟಿಗೆ
ಅಲ್ಲ. "ದ" ಅಂದರೆ "ಆ ಊರಿನ" ಅಷ್ಟೇ. ಜಮೀನ್ದಾರರಲ್ಲೂ ಇದೆ, ಕೂಲಿ ಮಾಡುವವರಲ್ಲೂ ಇದೆ. ಸಾಮಂತಿಕೆಗೆ ಅದೊಂದೇ ಸಾಕ್ಷಿ ಅಲ್ಲ.

ಹೊಸದುರ್ಗದವಳು
ಎಲ್ಲರಿಗೂ ಧನ್ಯವಾದ. ಮೂಲ ಗೊತ್ತಾಯ್ತು. ಬೋನಿಕ್‌ಹೌಸನ್ ಬಿಟ್ಟು ಬರೀ ಐಫೆಲ್ ಆಗಿದ್ದು ಯಾವಾಗ? ಮತ್ತೆ ಆ ಸಂಖ್ಯೆ?

ತುಲೂಸ್_ಕನ್ನಡತಿ
ಕಾಗದದಲ್ಲಿ ಆಗಿದ್ದು 1880ರಲ್ಲಿ. ವ್ಯಾಪಾರದಲ್ಲಿ ಅದಕ್ಕೂ ಮುಂಚಿನಿಂದಲೇ ಐಫೆಲ್ ಅಂತಲೇ ಬಳಸುತ್ತಿದ್ದರು. 1866ರಲ್ಲಿ ಪ್ಯಾರಿಸ್ ಪಕ್ಕದ ಲೆವಲ್ವಾದಲ್ಲಿ ಕಾರ್ಖಾನೆ ಶುರು ಮಾಡಿದ್ದು ಆ ಹೆಸರಿನಲ್ಲೇ. ಆದರೆ 1870-71ರ ಯುದ್ಧದಲ್ಲಿ ಫ್ರಾನ್ಸ್ ಪ್ರಶ್ಯಾ ಎಂಬ ಜರ್ಮನ್ ರಾಜ್ಯದ ಎದುರು ಸೋತಿತು, ಅಲ್ಸಾಸ್ ಕಳೆದುಕೊಂಡಿತು. ಆಮೇಲೆ ಜರ್ಮನ್ ಸದ್ದಿನ ಹೆಸರು ಇಟ್ಟುಕೊಂಡು ಸರ್ಕಾರಿ ಸೇತುವೆ ಗುತ್ತಿಗೆ ಹಿಡಿಯುವುದು ಸುಲಭವಿರಲಿಲ್ಲ. ಇವನು ಫ್ರೆಂಚನೇ ಹೌದಾ ಅಂತ ಅನುಮಾನ ಪಡುವವರಿದ್ದರು. ಅರ್ಜಿ ಹಾಕಿ ಹೆಸರು ಬದಲಾಯಿಸಿಕೊಂಡರು. ಒಂಬತ್ತು ವರ್ಷಕ್ಕೆ, 1889ರಲ್ಲಿ, ಟವರ್ ಎದ್ದು ನಿಂತಿತು.

ಕಟ್ಟುನಿಟ್ಟು_ಕಾಮತ್
ನನಗೆ ಇದು ಸರಿ ಕಾಣುವುದಿಲ್ಲ. ಗುತ್ತಿಗೆಗೋಸ್ಕರ ಅಪ್ಪ-ಅಜ್ಜನ ಹೆಸರು ಬಿಡುವುದು ಯಾವ ನ್ಯಾಯ? ಇದ್ದ ಹೆಸರಿನಲ್ಲೇ ಕೆಲಸ ಮಾಡಿ ತೋರಿಸಬೇಕಿತ್ತು.

ತುಲೂಸ್_ಕನ್ನಡತಿ
ಕಾಮತ್ ಅವರೇ, ಐಫೆಲ್ ಅನ್ನುವುದೂ ಅಜ್ಜನ ಹೆಸರೇ. ಮೂರ್ನಾಲ್ಕು ತಲೆಮಾರು ಬಳಸಿದ್ದು. ಎರಡರಲ್ಲಿ ಒಂದನ್ನು ಇಟ್ಟುಕೊಂಡರು. ಅಷ್ಟಕ್ಕೂ ಹೊರಗಿನಿಂದ ಬಂದ ಹೆಸರು ಹೊತ್ತು ಇನ್ನೊಂದು ದೇಶದಲ್ಲಿ ಬದುಕುವವರಿಗೆ ಅದರ ಭಾರ ಗೊತ್ತಿರುತ್ತದೆ. ಊರಲ್ಲಿ ಕೂತು ತೀರ್ಪು ಕೊಡುವುದು ಬೇರೆ.

ಕಟ್ಟುನಿಟ್ಟು_ಕಾಮತ್
ನಾನೂ ಇಪ್ಪತ್ತು ವರ್ಷ ಹೊರಗಿದ್ದವನೇ. ನನ್ನ ಅಭಿಪ್ರಾಯ ಹೇಳಿದೆ.

ನಿರ್ವಾಹಕ
ದಯವಿಟ್ಟು ವಿಷಯಕ್ಕೆ ಬನ್ನಿ. ಸಂಖ್ಯೆಯ ಬಗ್ಗೆ ಯಾರಾದರೂ ಬರೆಯಿರಿ.

ಅಂಕಿಅಂಶ_ಆನಂದ
ಬರೆಯುತ್ತೇನೆ, ಸ್ವಲ್ಪ ಉದ್ದ ಇದೆ.

ಮೊದಲನೆಯದು: ಈ ಕ್ಷಣ ಬದುಕಿರುವ ಐಫೆಲ್‌ಗಳು ಇಷ್ಟು ಅಂತ ಫ್ರೆಂಚ್ ಸರ್ಕಾರ ಯಾವ ಪಟ್ಟಿಯನ್ನೂ ಹೊರಗೆ ಬಿಡುವುದಿಲ್ಲ. ಜನಗಣತಿಯಿಂದ ಸರ್‌ನೇಮ್ ಲೆಕ್ಕ ಪ್ರಕಟವಾಗುವುದಿಲ್ಲ. ಇರುವುದು ಇನ್ಸೆ ಎಂಬ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ಹೆಸರುಗಳ ಕಡತ. ಅದು ಜನನಗಳ ಲೆಕ್ಕ. ಫ್ರಾನ್ಸಿನೊಳಗೆ ಹುಟ್ಟಿದವರದ್ದು ಮಾತ್ರ. ಸರ್‌ನೇಮ್ ಹುಡುಕುವ ಸೈಟುಗಳು, ಜಿಯೋಪಾತ್ರೋನಿಮ್ ಥರದವು, 1891ರಿಂದ 1990ರವರೆಗಿನ ಆ ಜನನಗಳನ್ನು 25 ವರ್ಷಗಳ ನಾಲ್ಕು ಕಂತಾಗಿ, ಜಿಲ್ಲೆವಾರು ತೋರಿಸುತ್ತವೆ. ನೂರು ವರ್ಷದಲ್ಲಿ ಒಂದು ಹೆಸರಿನವರು 60 ಜನ ಹುಟ್ಟಿದ್ದಾರೆ ಅಂದರೆ ಈಗ 60 ಜನ ಇದ್ದಾರೆ ಅಂತಲ್ಲ. ಎಷ್ಟೋ ಜನ ತೀರಿಕೊಂಡಿದ್ದಾರೆ. ಮದುವೆಯಾಗಿ ಗಂಡನ ಹೆಸರು ಬಳಸುವ ಹೆಂಗಸರೂ ಆ ಲೆಕ್ಕದಲ್ಲಿದ್ದಾರೆ. ಹೊರದೇಶದಲ್ಲಿ ಹುಟ್ಟಿ ಬಂದವರು ಸೇರಿಲ್ಲ.

ಎರಡನೆಯದು: ಇನ್ಸೆ ಜನರಿಗೆ ಕೊಡುವ ಕಡತದಲ್ಲಿ 1891ರಿಂದ 2000ದೊಳಗೆ ಕನಿಷ್ಠ 30 ಜನನ ಇರುವ ಹೆಸರುಗಳಿಗೆ ಮಾತ್ರ ಪ್ರತ್ಯೇಕ ಸಾಲು. ಅದಕ್ಕಿಂತ ಕಡಿಮೆಯವನ್ನೆಲ್ಲ "ಇತರೆ ಹೆಸರುಗಳು" ಅಂತ ಒಟ್ಟು ಮಾಡಿಬಿಡುತ್ತಾರೆ. ಗುರುತು ಬಯಲಾಗದಿರಲಿ ಅಂತ. ಅಪರೂಪದ ಹೆಸರು ಹುಡುಕುವವರಿಗೆ ಎಡವುವ ಜಾಗ ಇದೇ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಜನ ಇಲ್ಲ ಅಂತ ಅರ್ಥವಲ್ಲ.

ಮೂರನೆಯದು: 1946ಕ್ಕೆ ಮುಂಚೆ ಹುಟ್ಟಿದವರ ಲೆಕ್ಕ ಅಷ್ಟು ಪೂರ್ತಿ ಇಲ್ಲ. ಹಳೇ ಕಂತುಗಳ ಸಂಖ್ಯೆಯನ್ನು ಹೊಸದರ ಜೊತೆ ನೇರ ಹೋಲಿಸಿ "ಹೆಸರು ಬೆಳೆಯಿತು" ಅನ್ನುವುದು ತಪ್ಪು.

ಈಗ ಸೈಟುಗಳು ಏನು ಮಾಡುತ್ತವೆ ಅಂದರೆ, ಇದೇ ಜನನದ ಸಂಖ್ಯೆ ತೆಗೆದುಕೊಂಡು, ಒಬ್ಬರು ಹಾಗೇ ಹಾಕುತ್ತಾರೆ, ಇನ್ನೊಬ್ಬರು ಕೊನೆಯ ಎರಡು ಕಂತು ಮಾತ್ರ ಕೂಡುತ್ತಾರೆ, ಮತ್ತೊಬ್ಬರು ಟೆಲಿಫೋನ್ ಪುಸ್ತಕದ ಮನೆಗಳನ್ನು ಎಣಿಸಿ ಗುಣಿಸುತ್ತಾರೆ. ಮೂರೂ ಕಡೆ ಶೀರ್ಷಿಕೆ ಒಂದೇ: "ಈ ಹೆಸರಿನ ಜನಸಂಖ್ಯೆ". ಹೊಸದುರ್ಗದ ಮೇಡಂ, ನಿಮಗೆ ಬೇರೆಬೇರೆ ಸಂಖ್ಯೆ ಸಿಕ್ಕಿದ್ದು ಇದರಿಂದ.

ಮಲೆನಾಡ_ಮಳೆ
ಇಷ್ಟು ದಿನ ಆ ಸೈಟುಗಳನ್ನು ನಂಬಿಕೊಂಡಿದ್ದೆವಲ್ಲ.

ಉಡುಪಿ_ಶೆಣೈ
ಒಟ್ಟು ಎಷ್ಟು ಸರ್‌ನೇಮ್ ಇವೆ ಫ್ರಾನ್ಸಿನಲ್ಲಿ?

ಅಂಕಿಅಂಶ_ಆನಂದ
ಆ ನೂರು ವರ್ಷದ ಕಡತದ ಪ್ರಕಾರ ಸುಮಾರು 13 ಲಕ್ಷ. ಮಾರ್ತಾಂ ಅನ್ನುವುದು ಎಲ್ಲಕ್ಕಿಂತ ಮೇಲೆ, ಎರಡು ಲಕ್ಷಕ್ಕೂ ಜಾಸ್ತಿ ಜನ. ಆದರೂ ಫ್ರಾನ್ಸಿನ ಜನಸಂಖ್ಯೆಯಲ್ಲಿ ಅದು ಶೇಕಡಾ ಒಂದೂ ಅಲ್ಲ. ಕೊರಿಯಾದಲ್ಲಿ ಐವರಲ್ಲಿ ಒಬ್ಬರು ಕಿಮ್. ಫ್ರಾನ್ಸಿನಲ್ಲಿ ಅಪರೂಪದ ಹೆಸರು ಇರುವುದೇ ಮಾಮೂಲು.

ಧಾರವಾಡ_ಪೇಡೆ
ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹುಣಸೀಮರದ ಅಂತ ಇರೋ ಹಾಗೆ ಅಲ್ಲೂ ತರಾವರಿ ಇರಬೇಕು.

ತುಲೂಸ್_ಕನ್ನಡತಿ
ಇವೆ ಇವೆ. ಕಸುಬು, ಊರು, ಅಪ್ಪನ ಹೆಸರು, ಮೈಬಣ್ಣ, ಎಲ್ಲದರಿಂದಲೂ. ಕಮ್ಮಾರನಿಗೆ ಉತ್ತರದಲ್ಲಿ ಲೆಫೆವ್ರ್, ದಕ್ಷಿಣದಲ್ಲಿ ಫಾಬ್ರ್, ಫೋರ್, ಫಾವ್ರ್. ಒಂದೇ ಕಸುಬು, ಸೀಮೆಗೊಂದು ಹೆಸರು. ಹೆಸರು ಕೇಳಿದರೆ ಅಜ್ಜ ಯಾವ ಕಡೆಯವನು ಅಂತ ಇಲ್ಲಿಯ ಹಿರಿಯರು ಈಗಲೂ ಹೇಳುತ್ತಾರೆ. "ಲ" ಅಂತ ಶುರುವಾಗಿ ಬಾಯಿಗೆ ಒರಟಾಗಿದ್ದರೆ ಬ್ರಿಟನಿ ಕಡೆ, "ಆಕ್" ಅಂತ ಮುಗಿದರೆ ನೈರುತ್ಯದ ಕಡೆ, ನಮ್ಮ ತುಲೂಸ್ ಸುತ್ತಮುತ್ತ.

ಗಣಿತದ_ಮೇಷ್ಟ್ರು
ಹೆಸರು ಯಾಕೆ ಅಳಿಯುತ್ತದೆ ಅನ್ನುವುದಕ್ಕೆ ಒಂದು ಲೆಕ್ಕವೇ ಇದೆ. ಗಾಲ್ಟನ್ ಮತ್ತು ವಾಟ್ಸನ್ ಅಂತ ಇಬ್ಬರು ಇಂಗ್ಲಿಷರು 1874ರಲ್ಲಿ ಇದರ ಮೇಲೆ ಪ್ರಬಂಧ ಬರೆದರು. ಅದಕ್ಕೂ ಮುಂಚೆ, 1845ರಲ್ಲೇ, ಬಿಯೆನೆಮೆ ಎಂಬ ಫ್ರೆಂಚ್ ಗಣಿತಜ್ಞ ಇದನ್ನು ಸರಿಯಾಗಿ ಬಿಡಿಸಿದ್ದರು.

ಒಬ್ಬ ಗಂಡಸು, ಒಂದು ಹೊಸ ಹೆಸರು ಅಂತ ಇಟ್ಟುಕೊಳ್ಳಿ. ಗಂಡುಮಕ್ಕಳಿಂದ ಮಾತ್ರ ಹೆಸರು ಮುಂದೆ ಹೋಗುತ್ತದೆ. ಗಂಡುಮಕ್ಕಳು ಇಲ್ಲದಿರುವ ಸಾಧ್ಯತೆ ಕಾಲು ಭಾಗ, ಒಬ್ಬ ಇರುವ ಸಾಧ್ಯತೆ ಅರ್ಧ, ಇಬ್ಬರು ಇರುವ ಸಾಧ್ಯತೆ ಕಾಲು ಭಾಗ. ಸರಾಸರಿ ಒಬ್ಬ ಮಗ. ಜನಸಂಖ್ಯೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಿದ್ದರೂ ಒಂದೇ ತಲೆಮಾರಿಗೆ ಹೆಸರು ಅಳಿಯುವ ಸಾಧ್ಯತೆ ಶೇ. 25. ಎರಡನೆಯದಕ್ಕೆ 39. ಮೂರನೆಯದಕ್ಕೆ 48. ಐದನೆಯದಕ್ಕೆ 60. ಕೊನೆಗೆ ಎಷ್ಟೇ ತಡವಾದರೂ ಅಳಿದೇ ಅಳಿಯುತ್ತದೆ. ಸರಾಸರಿ ಒಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಕೆಲವು ಹೆಸರು ಶಾಶ್ವತವಾಗಿ ಉಳಿಯುವ ಅವಕಾಶ.

ಮಾರ್ತಾಂ ಅಂತ ಸಾವಿರಾರು ಮನೆಗಳು ಒಂದೊಂದು ಹಳ್ಳಿಯಲ್ಲಿ ಪ್ರತ್ಯೇಕವಾಗಿ ಶುರುವಾದವು. ಕೆಲವು ಹೋದರೂ ಹೆಸರು ಇರುತ್ತದೆ. ಐಫೆಲ್‌ಗೆ ಅಲ್ಲಿ ಇದ್ದದ್ದು ಒಂದೇ ಮನೆ.

ಬಯಲುಸೀಮೆ77
ಸೂತ್ರದಲ್ಲಿ ಎಲ್ಲವೂ ಅಳಿಯುತ್ತವೆ. ಹಾಗಾದರೆ ಇಷ್ಟು ಹೆಸರು ಉಳಿದದ್ದು ಹೇಗೆ ಮೇಷ್ಟ್ರೇ?

ಗಣಿತದ_ಮೇಷ್ಟ್ರು
ಹೊಸವು ಹುಟ್ಟುತ್ತಲೇ ಇರುತ್ತವೆ. ಬರವಣಿಗೆ ಬದಲಾವಣೆ, ಅನಾಥ ಶಿಶುಗಳಿಗೆ ಇಟ್ಟ ಹೆಸರು, ವಲಸೆ. ಫ್ರಾನ್ಸಿಗೆ ಇಟಲಿ, ಪೋಲೆಂಡ್, ಸ್ಪೇನ್, ಪೋರ್ಚುಗಲ್, ಅಲ್ಜೀರಿಯಾದಿಂದ ಬಂದವರ ಹೆಸರೂ ಆ 13 ಲಕ್ಷದಲ್ಲಿ ಇವೆ.

ಲಿಯೋಂ_ರಘು
ಇದಕ್ಕೆ ನಮ್ಮ ಮನೆಯೇ ಉದಾಹರಣೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಇತ್ತು. ನಮ್ಮ ಕಡೆ ಇನಿಷಿಯಲ್ ಮಾತ್ರ ಅಲ್ವಾ. ಇಲ್ಲಿಯ ಕಚೇರಿಯೊಂದರಲ್ಲಿ ಕುಟುಂಬದ ಹೆಸರು ಇಲ್ಲದೆ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಕೌಂಟರಿನಲ್ಲಿದ್ದಾಕೆ ಪಾಪ ಮೂರು ಸಲ ಕೇಳಿದಳು, "ನಿಮ್ಮ ಅಪ್ಪನಿಗೂ ಹೆಸರಿಲ್ಲವಾ?" ಪಾಸ್‌ಪೋರ್ಟ್ ತಿದ್ದಿಸಿ ತಂದೆಯ ಹೆಸರು ನಂಜುಂಡಯ್ಯ ಅಂತ ಸೇರಿಸಿಕೊಂಡೆ. ಮಗಳು ಹುಟ್ಟಿದ್ದು ಲಿಯೋಂನಲ್ಲೇ. ಅವಳ ಜನನ ಪತ್ರದಲ್ಲಿ ಕುಟುಂಬದ ಹೆಸರು ನಂಜುಂಡಯ್ಯ. ತರಗತಿಯಲ್ಲಿ ಹಾಜರಿ ಕರೆಯುವಾಗ ಟೀಚರು ಅದನ್ನು ಎರಡು ಉಸಿರಿನಲ್ಲಿ ಹೇಳುತ್ತಾರೆ, ಅವಳು ಹೆಮ್ಮೆಯಿಂದ ಕೈ ಎತ್ತುತ್ತಾಳೆ. ನನ್ನ ಅಪ್ಪ ನಂಜನಗೂಡಿನ ಹತ್ತಿರದ ಹಳ್ಳಿ ಬಿಟ್ಟು ಹೋದವರೇ ಅಲ್ಲ. ಈಗ ಅವರ ಹೆಸರು ಫ್ರೆಂಚ್ ಜನನ ದಾಖಲೆಯಲ್ಲಿದೆ.

ಧಾರವಾಡ_ಪೇಡೆ
ರಘು ಅಣ್ಣಾ, ಓದಿ ಖುಷಿಯಾತು.

ಹೊಸದುರ್ಗದವಳು
ಇದನ್ನು ಮಗಳಿಗೆ ಓದಿ ಹೇಳಿದೆ. ಈಗ ಐಫೆಲ್ ಮನೆಗೆ ವಾಪಸ್ ಬರೋಣ. ಗುಸ್ತಾವ್ ಅವರಿಗೆ ಎಷ್ಟು ಮಕ್ಕಳು? ಹೆಸರು ನಿಂತೇ ಹೋಯಿತಾ?

ತುಲೂಸ್_ಕನ್ನಡತಿ
ಐದು ಮಕ್ಕಳು. ಕ್ಲೇರ್, ಲೋರ್, ಎದುಆರ್, ವಾಲೆಂತೀನ್, ಆಲ್ಬೇರ್. ಮೂವರು ಹೆಣ್ಣು, ಇಬ್ಬರು ಗಂಡು. ಹೆಂಡತಿ ಮರೀ 1877ರಲ್ಲೇ ತೀರಿಕೊಂಡರು. ಆಮೇಲೆ ದೊಡ್ಡ ಮಗಳು ಕ್ಲೇರ್ ಅಪ್ಪನ ಜೊತೆ ನಿಂತವರು. ಅವರು ಮದುವೆಯಾದದ್ದು ಅದೋಲ್ಫ್ ಸಾಲ್ ಎಂಬ ಎಂಜಿನಿಯರನ್ನು. ಅವರ ಮಗ ಜಾರ್ಜ್ ಸಾಲ್ ಮುಂದೆ ಫ್ರಾನ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಮುಖ್ಯಸ್ಥರಾದರು. ಸ್ವಂತ ಮೊಮ್ಮಗ, ಆದರೆ ಸರ್‌ನೇಮ್ ಐಫೆಲ್ ಅಲ್ಲ. ಇನ್ನಿಬ್ಬರು ಹೆಣ್ಣುಮಕ್ಕಳ ಕಡೆಯೂ ಹಾಗೇ, ಅಳಿಯಂದಿರ ಹೆಸರು.

ಹೀಗಾಗಿ ಎರಡು ಪ್ರಶ್ನೆ ಬೇರೆ ಮಾಡಬೇಕು. ಐಫೆಲ್ ಹೆಸರಿನವರು ಎಷ್ಟು? ಬಹಳ ಕಡಿಮೆ. ಐಫೆಲ್ ವಂಶದವರು ಎಷ್ಟು? ಸಾಕಷ್ಟು ಜನ. ವಂಶಸ್ಥರ ಸಂಘವೇ ಇದೆ. 2024ರ ಒಲಿಂಪಿಕ್ಸ್ ಮುಗಿದ ಮೇಲೂ ಟವರ್ ಮೇಲೆ ಒಲಿಂಪಿಕ್ ಉಂಗುರಗಳನ್ನು ಉಳಿಸಬೇಕು ಅಂತ ಪ್ಯಾರಿಸ್ ಮೇಯರ್ ಹೇಳಿದಾಗ ಬೇಡ ಅಂತ ಗಟ್ಟಿಯಾಗಿ ನಿಂತದ್ದು ಆ ಸಂಘವೇ. ಅವರಲ್ಲಿ ಕೆಲವರು ತಮ್ಮ ಹೆಸರಿನ ಹಿಂದೆ ಗೆರೆ ಎಳೆದು ಐಫೆಲ್ ಸೇರಿಸಿಕೊಂಡಿದ್ದಾರೆ. ಸೈಟುಗಳಲ್ಲಿ ಬರೀ "ಐಫೆಲ್" ಅಂತ ಹುಡುಕಿದರೆ ಆ ಜೋಡಿ ಹೆಸರಿನವರು ಸಿಗುವುದೇ ಇಲ್ಲ, ಅವರನ್ನು ಬೇರೆ ಹೆಸರು ಅಂತ ಎಣಿಸುತ್ತಾರೆ.

ಕಟ್ಟುನಿಟ್ಟು_ಕಾಮತ್
ಹೀಗೆ ಸೇರಿಸಿಕೊಳ್ಳುವುದಕ್ಕೆ ಕಾನೂನು ಒಪ್ಪುತ್ತದಾ? 1794ರಲ್ಲೇ ಬೀಗ ಹಾಕಿದ್ದರು ಅಂದಿರಲ್ಲ.

ದಾಖಲೆಪೆಟ್ಟಿಗೆ
ಒಪ್ಪುತ್ತದೆ, ಕಾರಣ ಇದ್ದರೆ. 1803ರಿಂದಲೇ ಅರ್ಜಿ ಹಾಕಿ ಬದಲಾಯಿಸುವ ದಾರಿ ಇದೆ. ಈಗಿನ ಸಿವಿಲ್ ಕೋಡಿನ 61ನೇ ವಿಧಿಯಲ್ಲಿ ನೇರವಾಗಿ ಬರೆದಿದ್ದಾರೆ: ಹಿರಿಯರೊಬ್ಬರ ಹೆಸರು ಅಳಿದುಹೋಗುವುದನ್ನು ತಪ್ಪಿಸುವುದಕ್ಕೆ, ನಾಲ್ಕನೇ ಹಂತದ ಸಂಬಂಧದವರೆಗೆ, ಹೆಸರು ಬದಲಾವಣೆ ಕೇಳಬಹುದು. ಹೆಸರು ಅಳಿಯುವುದು ಒಂದು ನಷ್ಟ ಅಂತ ಕಾನೂನೇ ಒಪ್ಪಿಕೊಂಡ ಹಾಗೆ.

ಇದಕ್ಕಿಂತ ಮನಸ್ಸು ಕಲಕುವುದು 1923ರ ಜುಲೈ 2ರ ಕಾನೂನು. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ 13 ಲಕ್ಷಕ್ಕೂ ಹೆಚ್ಚು ಸಿಪಾಯಿಗಳು ಸತ್ತರು. ಬಹಳಷ್ಟು ಜನ ಮದುವೆಯನ್ನೇ ಆಗಿರಲಿಲ್ಲ. ಒಂದು ಮನೆಯ ಕೊನೆಯ ಗಂಡು ಮಕ್ಕಳಿಲ್ಲದೆ ಯುದ್ಧದಲ್ಲಿ ಸತ್ತಿದ್ದರೆ, ಹತ್ತಿರದ ಸಂಬಂಧಿ ಆ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಳ್ಳಬಹುದು ಅಂತ ಆ ಕಾನೂನು ಹೇಳಿತು. ಮಾರ್ನ್, ವೆರ್ದಂಗಳಲ್ಲಿ ಸತ್ತ ಹುಡುಗರ ಹೆಸರು ಅಕ್ಕ-ತಂಗಿಯರ ಮಕ್ಕಳಲ್ಲಿ ಉಳಿದದ್ದು ಹಾಗೆ. ಇವತ್ತು ಜೋಡಿ ಸರ್‌ನೇಮ್ ಇರುವವರನ್ನೆಲ್ಲ ಶ್ರೀಮಂತರು ಅಂದುಕೊಳ್ಳಬೇಡಿ.

ಗಣಿತದ_ಮೇಷ್ಟ್ರು
2005ರಿಂದ ಹುಟ್ಟುವ ಮಕ್ಕಳಿಗೆ ಅಮ್ಮನ ಹೆಸರನ್ನೂ ಕೊಡಬಹುದು, ಇಬ್ಬರದ್ದನ್ನೂ ಕೊಡಬಹುದು. ಕಾನೂನು ಆದದ್ದು 2002ರಲ್ಲಿ. ನನ್ನ ಲೆಕ್ಕದ ಮೂಲ ಷರತ್ತೇ ಬದಲಾಯಿತು. ಹೆಣ್ಣುಮಕ್ಕಳಿಂದಲೂ ಹೆಸರು ಮುಂದೆ ಹೋಗುತ್ತದೆ.

ತುಲೂಸ್_ಕನ್ನಡತಿ
2022ರ ಜುಲೈಯಿಂದ ಇನ್ನೂ ಸುಲಭ. ದೊಡ್ಡವರಾದವರು ಪುರಸಭೆಗೆ ಹೋಗಿ ಒಂದು ಫಾರಂ ತುಂಬಿದರೆ ಅಮ್ಮನ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಕಾರಣ ಕೊಡಬೇಕಿಲ್ಲ. ಜೀವಮಾನದಲ್ಲಿ ಒಂದೇ ಸಲ.

ಉಡುಪಿ_ಶೆಣೈ
ನಾನು ಎಲ್ಲೋ ಓದಿದ ಪ್ರಕಾರ ಟವರ್ ನಕ್ಷೆ ಬರೆದಿದ್ದು ಐಫೆಲ್ ಅಲ್ಲವೇ ಅಲ್ಲ. ಹಾಗಿದ್ದರೆ ಈ ಹೆಸರಿಗೆ ಇಷ್ಟು ಮರ್ಯಾದೆ ಯಾಕೆ?

ಅಂಕಿಅಂಶ_ಆನಂದ
ಮೊದಲ ನಕ್ಷೆ ಅವರ ಕಂಪನಿಯ ಮೊರೀಸ್ ಕೋಕ್ಲಿನ್ ಮತ್ತು ಎಮೀಲ್ ನೂಗಿಯೇ ಅವರದ್ದು. ಕಮಾನು, ಅಂದಚಂದ ಸೇರಿಸಿದವರು ವಾಸ್ತುಶಿಲ್ಪಿ ಸೊವೆಸ್ತ್ರ್. ಐಫೆಲ್ ಪೇಟೆಂಟ್ ಹಕ್ಕು ಕೊಂಡರು, ದುಡ್ಡು ಹಾಕಿದರು, ವಿರೋಧ ಎದುರಿಸಿದರು, ಕಟ್ಟಿ ನಿಲ್ಲಿಸಿದರು. ಶುರುವಿನಲ್ಲಿ ಅದಕ್ಕೆ "300 ಮೀಟರ್ ಗೋಪುರ" ಅಂತಲೇ ಹೇಳುತ್ತಿದ್ದರು.

ಕಟ್ಟುನಿಟ್ಟು_ಕಾಮತ್
ಕೆಲಸ ಮಾಡಿದವರ ಹೆಸರು ಮೇಲೆ ಬರಲಿಲ್ಲ. ಇದು ಇವತ್ತಿನ ಕಂಪನಿಗಳಲ್ಲೂ ನಡೆಯುತ್ತಿದೆ.

ಉಡುಪಿ_ಶೆಣೈ
ಅದಕ್ಕೇ ಕೇಳಿದ್ದು. ಕೋಕ್ಲಿನ್ ಟವರ್ ಅನ್ನಬಹುದಿತ್ತು.

ಅಂಕಿಅಂಶ_ಆನಂದ
ಶೆಣೈ ಅವರೇ, ಆ ಗೋಪುರದಲ್ಲಿ ಮೊದಲ ಅಂತಸ್ತಿನ ಸುತ್ತ 72 ವಿಜ್ಞಾನಿ, ಎಂಜಿನಿಯರುಗಳ ಹೆಸರು ಕೆತ್ತಿಸಿದ್ದೂ ಐಫೆಲ್ ಅವರೇ. ಇತರರ ಹೆಸರಿಗೆ ಜಾಗ ಕೊಡದ ಮನುಷ್ಯ ಅಂತ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಆದರೆ ಆ 72ರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಲೋಹದ ಸ್ಥಿತಿಸ್ಥಾಪಕತೆಯ ಮೇಲೆ ಕೆಲಸ ಮಾಡಿದ ಸೋಫಿ ಜೆರ್ಮೆಂ ಹೆಸರು ಬಿಟ್ಟದ್ದು ದೊಡ್ಡ ಕೊರತೆ.

ಹೊಸದುರ್ಗದವಳು
ಹೆಸರುಗಳನ್ನು ನಾವೇ ಹುಡುಕಬೇಕು ಅಂದರೆ ಎಲ್ಲಿ?

ದಾಖಲೆಪೆಟ್ಟಿಗೆ
ಇನ್ಸೆಯವರು 1970ರಿಂದ ಈಚೆಗೆ ತೀರಿಕೊಂಡವರ ಪಟ್ಟಿಯನ್ನು ಉಚಿತವಾಗಿ ಬಿಟ್ಟಿದ್ದಾರೆ. ಹೆಸರು, ಹುಟ್ಟಿದ ದಿನ, ಊರು, ತೀರಿಕೊಂಡ ದಿನ ಎಲ್ಲ ಇದೆ. ಅಪರೂಪದ ಹೆಸರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, 30ರ ಮಿತಿ ಇಲ್ಲಿ ಇಲ್ಲ. ಹಳೆಯ ಜನನ ಪುಸ್ತಕಗಳನ್ನು ಜಿಲ್ಲಾ ದಾಖಲೆ ಭಂಡಾರಗಳು ಸ್ಕ್ಯಾನ್ ಮಾಡಿ ಹಾಕಿವೆ. 75 ವರ್ಷ ದಾಟಿದ್ದು ಎಲ್ಲರಿಗೂ ತೆರೆದಿರುತ್ತದೆ. ಗುಸ್ತಾವ್ ಹುಟ್ಟಿದ್ದು ದಿಜೋಂನಲ್ಲಿ, ಹಾಗಾಗಿ ಕೋತ್-ದೋರ್ ಜಿಲ್ಲೆ ನೋಡಿ.

ಪ್ಯಾರಿಸ್ ಮಾತ್ರ ಕಷ್ಟ. 1871ರ ಮೇ ತಿಂಗಳಲ್ಲಿ ಕಮ್ಯೂನ್ ಎಂಬ ಪ್ಯಾರಿಸ್ ಜನರ ದಂಗೆಯಲ್ಲಿ ಪುರಭವನಕ್ಕೂ ನ್ಯಾಯಾಲಯಕ್ಕೂ ಬೆಂಕಿ ಬಿತ್ತು. ಮೂಲ ಪ್ರತಿ ಒಂದು ಕಡೆ, ನಕಲು ಇನ್ನೊಂದು ಕಡೆ ಇಟ್ಟಿದ್ದರು. ಎರಡೂ ಸುಟ್ಟವು. ಸುಮಾರು 80 ಲಕ್ಷ ದಾಖಲೆ ಹೋಯಿತು. ಮನೆಮನೆಯ ಕಾಗದ, ಚರ್ಚಿನ ಪುಸ್ತಕ ತರಿಸಿ ಮತ್ತೆ ಬರೆದರೂ ಮೂರನೇ ಒಂದು ಭಾಗ ಮಾತ್ರ ವಾಪಸ್ ಬಂತು. ಐಫೆಲ್ ಮನೆಯ ಮೊದಲ ತಲೆಮಾರುಗಳು ಇದ್ದದ್ದು ಪ್ಯಾರಿಸ್‌ನಲ್ಲೇ.

ಮೈಸೂರು_ಮಲ್ಲಿಗೆ
ಸ್ವಲ್ಪ ವಿಷಯಾಂತರ, ಕ್ಷಮಿಸಿ. ಫ್ರೆಂಚ್ ಹೆಸರು ಅಂದ ಕೂಡಲೇ ನೆನಪಾಗುವುದು ನಮ್ಮ ಅಬ್ಬೆ ದುಬುವಾ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ನಮ್ಮವರ ಬಾಯಲ್ಲಿ "ದೊಡ್ಡಸ್ವಾಮಿಯವರು" ಆದ ಪಾದ್ರಿ. ಹಾಸನದ ಸಾತಳ್ಳಿಯಲ್ಲಿ ರೈತರನ್ನು ನೆಲೆಗೊಳಿಸಿದವರು. ಸಿಡುಬಿನ ಲಸಿಕೆ ಹಾಕಿಸಿದವರು. ದುಬುವಾ ಅಪರೂಪದ ಹೆಸರಾ?

ತುಲೂಸ್_ಕನ್ನಡತಿ
ಇಲ್ಲ ಅಕ್ಕಾ, ಬಹಳ ಸಾಮಾನ್ಯ. ಕಾಡಿನ ಪಕ್ಕ ಮನೆ ಇದ್ದವರೆಲ್ಲ ದುಬುವಾ. ಫ್ರಾನ್ಸಿನಲ್ಲಿ ಕಾಡಿಗೇನು ಕಡಿಮೆ.

ಮೈಸೂರು_ಮಲ್ಲಿಗೆ
ಹಾಗಾದರೆ ರಿಪೋ? 1797ರಲ್ಲಿ ಮುರಿದ ಹಡಗು ತಂದು ಮಂಗಳೂರಿನಲ್ಲಿ ಇಳಿದು, ಆಮೇಲೆ ಟಿಪ್ಪು ಆಸ್ಥಾನ ಸೇರಿದ ಫ್ರಾನ್ಸ್ವಾ ರಿಪೋ. ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಕ್ರಾಂತಿಯ ಪರವಾದ ಜಾಕೊಬಿನ್ ಕ್ಲಬ್ ಇತ್ತು ಅನ್ನುವ ಕಥೆಯವರು.

ದಾಖಲೆಪೆಟ್ಟಿಗೆ
ಪೂರ್ತಿ ಹೆಸರು ರಿಪೋ ದ ಮೊಂತೊದೆವೆರ್. ನಾಂತ್ ಹತ್ತಿರದ ಸಾಫ್ರೆ ಊರಿನವರು. ಅದು ಅಪರೂಪದ ಹೆಸರೇ, ಅದರಲ್ಲೂ ಬಾಲದ ಭಾಗ. ಆ ಕ್ಲಬ್ಬಿನ ಕಾಗದಪತ್ರ 1799ರಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿದ್ದು, ಅವು ನಿಜವೋ ಸುಳ್ಳೋ ಅಂತ ಇತಿಹಾಸಕಾರರು ಇನ್ನೂ ಜಗಳ ಆಡುತ್ತಿದ್ದಾರೆ.

ಬಯಲುಸೀಮೆ77
ಅದು ಇಂಗ್ಲಿಷರೇ ಕಟ್ಟಿದ ಕಥೆ ಅಂತ ನನ್ನ ವಾದ. ಟಿಪ್ಪು ಮೇಲೆ ಯುದ್ಧ ಮಾಡಲು ನೆಪ ಬೇಕಿತ್ತು.

ಮೈಸೂರು_ಮಲ್ಲಿಗೆ
ಪೂರ್ತಿ ಕಟ್ಟುಕಥೆ ಅನ್ನಲು ಬರುವುದಿಲ್ಲ. ಟಿಪ್ಪು ಮಾರಿಷಸ್‌ಗೆ ರಾಯಭಾರಿಗಳನ್ನು ಕಳಿಸಿದ್ದು ನಿಜ. ಅಲ್ಲಿನ ಗವರ್ನರ್ ಮಾಲಾರ್ತಿಕ್ 1798ರ ಜನವರಿಯಲ್ಲಿ ಅದನ್ನು ಊರಿಗೆಲ್ಲ ಸಾರಿದ್ದೂ ನಿಜ.

ನಿರ್ವಾಹಕ
ರಿಪೋ ಬಗ್ಗೆ ಬರೆಯುವವರು ಹೊಸ ಎಳೆ ಶುರು ಮಾಡಿ. ಇಲ್ಲಿ ಸರ್‌ನೇಮ್ ಹುಡುಕಾಟದ ಪ್ರಶ್ನೆಗಳು ಮಾತ್ರ ಇರಲಿ.

ಲಿಯೋಂ_ರಘು
ಒಂದು ಪ್ರಶ್ನೆ ಉಳಿದಿದೆ. ಇನ್ಸೆ ಕಡತ 2000ಕ್ಕೆ ನಿಂತಿದೆ ಅಂದಿರಿ. ನನ್ನ ಮಗಳು ಹುಟ್ಟಿದ್ದು ಅದಾದ ಮೇಲೆ. ಅವಳ ಹೆಸರು ಯಾವ ಲೆಕ್ಕದಲ್ಲೂ ಬರುವುದಿಲ್ಲವಾ?

ಅಂಕಿಅಂಶ_ಆನಂದ
ಈಗಿನ ಕಡತದಲ್ಲಿ ಬರುವುದಿಲ್ಲ ರಘು ಅವರೇ. ಮುಂದೆ ವಿಸ್ತರಿಸಿದರೂ 30ರ ಮಿತಿ ಹಾಗೇ ಇದ್ದರೆ "ಇತರೆ ಹೆಸರುಗಳು" ಸಾಲಿನಲ್ಲಿ ಸೇರುತ್ತಾಳೆ. ಲಿಯೋಂ ಪುರಸಭೆಯ ಜನನ ಪುಸ್ತಕದಲ್ಲಿ ಮಾತ್ರ ಪೂರ್ತಿ ಹೆಸರು ಇರುತ್ತದೆ.